ನೀರು ಕೊಯ್ಯುವ ದಿನ

ಆಮ್ಗಾ ನದಿಯ ಮೇಲೆ ಮೊದಲ ಕೆನೆ ಕಟ್ಟುವ ಹೊತ್ತಿಗೆ
ಮನೆಗೆ ಉಡಿಸಲು ಶುರುಮಾಡುತ್ತೇನೆ,
ಕಾಲಿನಿಂದ.
ಅಡಿಪಾಯದ ಸುತ್ತ ಮೊಳದೆತ್ತರ ಮಣ್ಣು,
ಮಣ್ಣಿನ ಮೇಲೆ ಮರದ ಹೊಟ್ಟು,
ಹೊಟ್ಟು ಹಾರದಂತೆ ಹಳೆಯ ಹಲಗೆ.
ನೆಲದಡಿಯ ಗುಳಿಯಲ್ಲಿ ಏಳು ಚೀಲ ಆಲೂಗಡ್ಡೆ;
ಎಂಟನೆಯದಕ್ಕೆ ಇಲಿ ಹೇಳಿದ್ದೇ ಲೆಕ್ಕ.

ಆಮೇಲೆ ಕಿಟಕಿ.
ಎರಡು ಗಾಜಿನ ನಡುವೆ ಹತ್ತಿ ತುಂಬಿ
ಸಂದಿಗೆಲ್ಲ ಹಿಟ್ಟಿನ ಗಂಜಿಯಲ್ಲಿ ಕಾಗದದ ಪಟ್ಟಿ ಅಂಟಿಸಬೇಕು.
ಕಾಗದ ಯಾವುದಾದರೂ ಆದೀತು.
ಈ ಸಲ ಮಗಳ ಏಳನೇ ತರಗತಿಯ ಗಣಿತದ ನೋಟುಪುಸ್ತಕ:
ಅಡುಗೆಮನೆಗೆ ಸರಿಯುತ್ತರಗಳು,
ಮಲಗುವ ಕೋಣೆಗೆ ಕೆಂಪು ಶಾಯಿಯವು.
ಒಂದು ನೊಣ ಒಳಗೇ ಉಳಿಯಿತು, ಗಾಜಿಗೂ ಗಾಜಿಗೂ ಮಧ್ಯೆ.
ನೋಡಿದೆ.
ಪಟ್ಟಿ ಆಗಲೇ ಒಣಗಿತ್ತು.

ಖೋತೋನ್, ಹಸುಗಳ ಮನೆ,
ಅದಕ್ಕೆ ಮಾತ್ರ ಕೈಯೇ ಬೇಕು.
ಸಗಣಿ ಕಲಸಿ, ಲಾರ್ಚ್ ಮರದ ಗೋಡೆಯ ಹೊರಮೈಗೆ
ಅಂಗೈಯಲ್ಲಿ ಮೆತ್ತುತ್ತಾ ಹೋಗುವುದು,
ಬೆಳಗ್ಗೆ ಮೆತ್ತಿದ್ದು ಮಧ್ಯಾಹ್ನಕ್ಕೆ ಕಲ್ಲಾಗುವಷ್ಟು ಚಳಿ ಬಿದ್ದ ಮೇಲೆ,
ಬೆರಳು ಬೆರಳಾಗಿ ಉಳಿಯುವಷ್ಟು ಬಿಸಿಲಿರುವಾಗ.
ಆ ನಡುವೆ ಸಿಗುವುದು ಮೂರು ದಿನ, ಹೆಚ್ಚೆಂದರೆ ನಾಲ್ಕು.
ಅತ್ತೆ ಮಾರ್ಫಾ ಒಳಗಿಂದ ಗೋಡೆ ಬಡಿದು ಹೇಳುತ್ತಾಳೆ:
ಇಲ್ಲಿ ತೆಳು. ಇಲ್ಲಿ ತೆಳು. ಇಲ್ಲೂ.
ಎಂಬತ್ತೆರಡರ ಆ ಕಿವಿಗೆ ಬಾಗಿಲು ತಟ್ಟಿದ್ದು ಕೇಳದು,
ಸಗಣಿಯ ದಪ್ಪ ಕೇಳುತ್ತದೆ.

ಇಷ್ಟನ್ನೂ ಒಬ್ಬಳೇ ಮಾಡಬಲ್ಲೆ.
ವಜ್ರದ ಗಣಿಗೆ ಹೋದ ಗಂಡ ಹೊಸ ವರ್ಷಕ್ಕೆ ಬಂದು
ಮನೆ ಬೆಚ್ಚಗಿದೆ ಅನ್ನುತ್ತಾನೆ,
ಬೆಕ್ಕಿನ ಹಾಗೆ ಮನೆಯೂ
ತಾನಾಗಿಯೇ ಬೆಚ್ಚಗಿರುತ್ತದೇನೋ ಎಂಬಂತೆ.

ಒಬ್ಬಳಿಂದ ಆಗದ್ದು ನೀರು.
ನಮ್ಮೂರಲ್ಲಿ ಚಳಿಗಾಲದ ನೀರನ್ನು ಸೇದುವುದಿಲ್ಲ,
ಕೊಯ್ಯುತ್ತೇವೆ.
ನದಿ ಗೇಣಿಗಿಂತ ತುಸು ದಪ್ಪವಾದ ದಿನ ನೋಡಿ
ಒಬ್ಬರು ಗರಗಸ ಇಳಿಸಬೇಕು, ಒಬ್ಬರು ಹಾರೆ;
ಗಡ್ಡೆ ತೇಲಿದಾಗ ಎರಡೂ ಕಡೆ ಕೊಕ್ಕೆ.
ಕುದುರೆ, ಜಾರುಬಂಡಿ ನನ್ನವು.
ಗರಗಸ ಬೇಲಿಯಾಚೆಯ ಬಾಯ್ಬಾಲನದು.
ಹುಲ್ಲುಗಾವಲಿನ ಹನ್ನೊಂದು ಹೆಜ್ಜೆ ಜಾಗಕ್ಕಾಗಿ
ನಾವು ಮಾತು ಬಿಟ್ಟು ಒಂಬತ್ತು ವರ್ಷ.

ಯಾರೂ ಕರೆಯುವುದಿಲ್ಲ. ಯಾರೂ ಬರುತ್ತೇನೆನ್ನುವುದಿಲ್ಲ.
ಬೆಳಕು ಹರಿಯುವಾಗ ನನ್ನ ಗೇಟಿನ ಬಳಿ
ಗರಗಸದ ಮೋಟಾರು ಎರಡು ಸಲ ಕೆಮ್ಮುತ್ತದೆ, ಅಷ್ಟೇ.
ಕುದುರೆ ಹೂಡುತ್ತೇನೆ.

ನದಿಯ ಮೇಲೆ ಬಾಯಿ ತೆರೆಯದೆ ನಡೆಯದು.
ಎಳೆ. ತಡೆ. ಹಿಂದೆ, ಹಿಂದೆ, ಬಿರುಕು.
ಅವು ಮಾತಲ್ಲ.
ಹಾರೆಯ ಜೊತೆಗೆ ತಂದು
ಹಾರೆಯ ಜೊತೆಗೆ ಒಯ್ಯುವ ಸಾಮಾನು.
ಸಂಜೆಗೆ ಲೆಕ್ಕ ಹಾಕಿ ಹಂಚಿಕೊಳ್ಳುತ್ತೇವೆ,
ಅವನ ಅಂಗಳಕ್ಕೆ ಇಪ್ಪತ್ತು, ನಮ್ಮದಕ್ಕೆ ಇಪ್ಪತ್ತು,
ನೀಲಿಯಾಗಿ, ಒಳಗೆ ಗುಳ್ಳೆಗಳು ನಿಂತಲ್ಲೇ ನಿಂತು.

ಈ ವರ್ಷ ಹದಿನೇಳನೆಯದಕ್ಕೆ ನನ್ನ ಕೊಕ್ಕೆ ಜಾರಿತು.
ಎಡಗಾಲು ಮೊಣಕಾಲವರೆಗೆ ಹೋಯಿತು.
ಹೋದಷ್ಟೇ ಬೇಗ ಬಂತು.
ಬಾಯ್ಬಾಲ್ ಗರಗಸ ನಿಲ್ಲಿಸಿ,
ನನ್ನನ್ನಲ್ಲ, ಕುದುರೆಯನ್ನು ನೋಡುತ್ತ,
ಒದ್ದೆಯಾಯಿತೆ? ಅಂದ.

ಇದು ಸಾಮಾನಲ್ಲ.
ಇದಕ್ಕೆ ಹಿಂದೊಂದು ಕೊಕ್ಕೆ ಇದೆ, ಉತ್ತರ ಬೇಡುತ್ತದೆ.
ನಾನು ಹೇಳಿದೆ. ಆಮೇಲೆ ಉಳಿದ ಇಪ್ಪತ್ಮೂರನ್ನೂ ಎತ್ತಿದೆವು,
ಅವನು ಗರಗಸವನ್ನು ಬೇಕೆಂದೇ ಜೋರು ಮಾಡುತ್ತಿದ್ದಂತೆ
ಅನಿಸಿತು.

ರಾತ್ರಿ ಮಾರ್ಫಾ ಕೇಳುತ್ತಾಳೆ:
ಏನೋ ಅಂದನಂತಲ್ಲ?
(ಯಾರು ಹೇಳಿದರು? ಈ ಊರಲ್ಲಿ ಹೊಗೆಗೂ ನಾಲಿಗೆ.)
ಒದ್ದೆಯಾಯಿತೆ ಅಂದ.
ನೀನೇನಂದೆ?
ಇಲ್ಲ ಅಂದೆ.

ಅವಳು ನಗಲಿಲ್ಲ. ಒಲೆಯ ಕಡೆ ತಿರುಗಿದಳು.
ಮೇಲೆ ತೂಗುಹಾಕಿದ ಕಾಲುಚೀಲದಿಂದ ನದಿ
ಕಾದ ಕಬ್ಬಿಣದ ಮೇಲೆ ಬೀಳುತ್ತಿತ್ತು,
ಚುರ್.
ಸ್ವಲ್ಪ ಬಿಟ್ಟು, ಮತ್ತೆ
ಚುರ್.